ಪ್ಲಾಸ್ಟರ್‌ಬೋರ್ಡ್ ಗೋಡೆ ಟರ್ನ್‌ಟೇಬಲ್ ಶೆಲ್ಫ್ ತಡ್ಕೊಳ್ಳುತ್ತಾ?

ಪ್ರಶ್ನೆ: ಇಂಗ್ಲೆಂಡಲ್ಲಿದೀವಿ, ಹಾಲ್ ಗೋಡೆ ತಟ್ಟಿದ್ರೆ ಖಾಲಿ ಡಬ್ಬದ ಥರ ಸದ್ದು. ಟರ್ನ್‌ಟೇಬಲ್ಲೇ (ರೆಕಾರ್ಡ್ ಪ್ಲೇಯರ್) 12 ಕೆಜಿ ಹತ್ರ ಇದೆ, ಶೆಲ್ಫ್ ಸೇರಿ 20 ಆಗುತ್ತೆ. ಮರದ ನೆಲ ಬೇರೆ, ಮಗಳು ಓಡಿದ್ರೆ ಸೂಜಿ ಹಾರುತ್ತೆ, ಅದಕ್ಕೇ ಗೋಡೆಗೆ ಹಾಕೋಣ ಅಂತ. ತೂತಿಗೆ ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂ ಹೊಡೆದ್ರೆ ಸಾಕಾ?

ಉತ್ತರ: ಬೇಡ ಮಾರಾಯ್ರೆ! ಪ್ಲಾಸ್ಟರ್‌ಬೋರ್ಡು ಅಂದ್ರೆ ಬರೀ 12.5 ಮಿಮೀ ಜಿಪ್ಸಮ್ ಹಾಳೆ, ಅದರ ಹಿಂದೆ ನಿಲ್ಲಿಸಿರೋ ಕಂಬಕ್ಕೇ, ಅಂದ್ರೆ ಸ್ಟಡ್ಡಿಗೇ ಹೊಡೀಬೇಕು. ಸಾಮಾನ್ಯವಾಗಿ 400 ಇಲ್ಲಾ 600 ಮಿಮೀಗೊಂದು ಇರುತ್ತೆ. ಗಟ್ಟಿ ಮ್ಯಾಗ್ನೆಟ್ ದಾರಕ್ಕೆ ಕಟ್ಟಿ ಗೋಡೆ ಮೇಲೆ ಆಡಿಸಿ, ಬೋರ್ಡಿನ ಸ್ಕ್ರೂ ಸಿಕ್ಕಲ್ಲಿ ಟಕ್ ಅಂತ ಅಂಟ್ಕೊಳ್ಳುತ್ತೆ. ಸ್ವಿಚ್ಚಿನ ನೇರಕ್ಕೆ ಮೇಲೆ ಕೆಳಗೆ ಡ್ರಿಲ್ ಮಾಡ್ಬೇಡಿ, ವೈರ್ ಇರುತ್ತೆ.

ಉತ್ತರ: ಬ್ರಾಕೆಟ್ ಅಗಲಕ್ಕೂ ಸ್ಟಡ್ಡಿಗೂ ಹೊಂದಲ್ಲ ಅಂದ್ರೆ, ಮೊದಲು 18 ಮಿಮೀ ಪ್ಲೈವುಡ್ ಹಲಗೆ ಒಂದನ್ನ ಎರಡು ಸ್ಟಡ್ಡಿಗೆ ಬಿಗಿದು ಅದರ ಮೇಲೆ ಬ್ರಾಕೆಟ್ ಹಾಕಿ. ಎಳೆತ ಎಲ್ಲಾ ಮೇಲಿನ ಸ್ಕ್ರೂಗೇ ಬೀಳೋದು. ನಾನು ಜಾಣತನ ಮಾಡಿ ಬರೀ ಬೋರ್ಡಿಗೆ ಹಾಕಿದ್ದೆ, ವಾರದಲ್ಲಿ ಶೆಲ್ಫ್ ಮುಂದಕ್ಕೆ ವಾಲಿ ಮೇಲಿನ ತೂತು ಎರಡು ಬೆರಳು ಹೋಗೋಷ್ಟಾಯ್ತು.

ಉತ್ತರ: ಇಟ್ಟಿಗೆ ಗೋಡೆ ಇದ್ರೆ ಅದೇ ವಾಸಿ, ಟೊಳ್ಳು ಗೋಡೆ ಸ್ಪೀಕರಿನ ದಪ್ಪ ಸದ್ದಿಗೆ (ಬಾಸ್) ತಾನೇ ಅದುರುತ್ತೆ.

ಪ್ರಶ್ನೆ ಕೇಳಿದವರು: ಮ್ಯಾಗ್ನೆಟ್ ಕೆಲಸ ಮಾಡ್ತು, 600ಕ್ಕೊಂದು ಸಿಕ್ತು. ಪ್ಲೈವುಡ್ ತರಕ್ಕೆ ಹೊರಟೆ.