ಸಹಾಯ ಬೇಕು: ಚಳಿಗಾಲದ ಹೊಸ್ತಿಲಲ್ಲಿ ಗುಲಾಬಿ ಚಿಗುರ್ತಾ ಇದೆ, ಕತ್ತರಿಸಲಾ ಬಿಡಲಾ?

ಎಲ್ಲರಿಗೂ ನಮಸ್ಕಾರ. ಈ ಹೊತ್ತಿಗೆ ಎಲೆ ಉದುರಿಸಿ ಮಲಗಬೇಕಿದ್ದ ಗಿಡಗಳು ಈ ಸಲ ಎದ್ದು ಕೂತಿವೆ. ರಾತ್ರಿ ಕೂಡ 10 ಡಿಗ್ರಿಗಿಂತ ಕೆಳಗೆ ಇಳೀತಾ ಇಲ್ಲ. ಗುಲಾಬಿಯಲ್ಲಿ ಕೆಂಪು ಚಿಗುರು ಗೇಣುದ್ದ ಬಂದಿದೆ, ಉಗುರು ತಾಗಿಸಿದರೆ ರಸ ಒಸರುವಷ್ಟು ಎಳಸು. ಡ್ಯಾಫೋಡಿಲ್ ಗಡ್ಡೆಗಳೂ ಮಣ್ಣಿಂದ ಹಸಿರು ಮೂತಿ ಹೊರಗೆ ಹಾಕಿವೆ. ಅದರ ಚಿಂತೆ ಅಷ್ಟಿಲ್ಲ ಬಿಡಿ, ಚಳಿಗೆ ಎಲೆ ತುದಿ ಸುಟ್ಟರೂ ಹೂಮೊಗ್ಗು ಗಡ್ಡೆಯೊಳಗೇ ಇರುತ್ತೆ.

ತಲೆನೋವು ಗುಲಾಬಿದೇ. ಸಾರಜನಕದ ಗೊಬ್ಬರ ಬೇಸಿಗೆ ಕೊನೆಗೇ ನಿಲ್ಲಿಸಿದ್ದೆ. ನೀರೂ ಕಡಿಮೆ ಮಾಡಿದೆ. ಬಾಡಿದ ಹೂ ಕೀಳದೆ ಕಾಯಿ ಕಟ್ಟಲಿ ಅಂತ ಬಿಟ್ಟೆ, ಹಾಗೆ ಮಾಡಿದರೆ ಹೊಸ ಚಿಗುರು ನಿಲ್ಲುತ್ತೆ ಅಂತಾರಲ್ಲ. ಗಿಡ ಮಾತ್ರ ಕೇಳಿಸಿಕೊಂಡ ಹಾಗಿಲ್ಲ!

ಹಗಲು ಗಿಡ್ಡವಾಗಿ ಚಳಿ ನಿಧಾನಕ್ಕೆ ಏರಿದರೆ ಕಾಂಡ ಬಲಿಯುತ್ತೆ. ಏಕಾಏಕಿ ಸೊನ್ನೆಗಿಂತ ಕೆಳಗೆ ಹೋದರೆ ಎಳೆ ಕಾಂಡದ ನೀರು ಹೆಪ್ಪುಗಟ್ಟಿ, ಚಿಗುರೆಲ್ಲ ಕಪ್ಪಾಗಿ ಜೋತು ಬೀಳುತ್ತೆ. ಈಗ ಕತ್ತರಿಸೋಣ ಅಂದರೆ ಕಾಂಡದ ಕೆಳಗಿನ ಕಣ್ಣುಗಳೂ (ಚಿಗುರು ಹೊರಡೋ ಮೊಗ್ಗುಗಳು) ಒಡೆದು ಇನ್ನಷ್ಟು ಚಿಗುರು ಬರುತ್ತೆ. ಬಿಟ್ಟರೆ ಸತ್ತ ತುದಿಯಿಂದ ಒಣಗೋದು ಕೆಳಗಿಳಿಯೋ ಭಯ. ಬುಡಕ್ಕೆ ಒಣಎಲೆ ಹೊದಿಸೋದಕ್ಕೂ ಕೈ ಬರ್ತಿಲ್ಲ. ಮಣ್ಣು ಇನ್ನೂ ಬೆಚ್ಚಗಿದೆ, ಆ ಬಿಸಿಯನ್ನೇ ಹಿಡಿದಿಟ್ಟ ಹಾಗಾಗುತ್ತೆ.

ಇಂಥ ವರ್ಷ ಕಂಡವರು ದಯವಿಟ್ಟು ಹೇಳಿ: ಚಿಗುರನ್ನ ಹಾಗೇ ಬಿಟ್ಟು, ಚಳಿ ಕಳೆದ ಮೇಲೆ ಸತ್ತ ಭಾಗ ಸವರಿದರೆ ಸಾಕಾ? ಹೊದಿಕೆ ಈಗಲೇ ಹಾಕಲಾ, ಮಣ್ಣು ತಣ್ಣಗಾಗೋವರೆಗೆ ಕಾಯಲಾ?