ಸಹಾಯ ಬೇಕು: ಮಾರುತಿ ಜಿಮ್ನಿ ಗಾಡಿಯ ಮುಂದಿನ ಸ್ವೇ ಬಾರ್ ಬಿಚ್ಚಬೇಕು
ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗದವನು. ಹೊಳಲ್ಕೆರೆ ಕಡೆ ಇರುವ ನಮ್ಮ ತೋಟಕ್ಕೆ ಹೋಗಲು ಒಂದು ಒಣ ಹಳ್ಳ ದಾಟಬೇಕು. ಅಲ್ಲಿ ಮುಂದಿನ ಎಡ ಚಕ್ರ ಒಂದು ಗೇಣು ಮೇಲೆದ್ದು, ಆಮೇಲೆ ಗಾಡಿ ದಡಕ್ಕಂತ ವಾಲುತ್ತದೆ. ಪಕ್ಕದಲ್ಲಿ ಅಪ್ಪ ಕೂತಿರುತ್ತಾರೆ, ನನಗೆ ಅದೇ ಭಯ.

ಸ್ವೇ ಬಾರ್, ಅಂದರೆ ತಿರುವಿನಲ್ಲಿ ಗಾಡಿ ವಾಲುವುದನ್ನು ತಡೆಯುವ ಅಡ್ಡ ಕಂಬಿ, ಎರಡೂ ಚಕ್ರಗಳನ್ನು ಜೋಡಿಸಿ ಹಿಡಿಯುತ್ತದೆ. ಬಿಚ್ಚಿದರೆ ಚಕ್ರಗಳು ಬೇರೆ ಬೇರೆಯಾಗಿ ಜಾಸ್ತಿ ಇಳಿದು ನೆಲ ಹಿಡಿಯುತ್ತವೆ, ಅಲ್ವಾ? ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಬಾರಿನ ತುದಿಯನ್ನು ಹಿಡಿದಿರುವ ಲಿಂಕ್‌ನ (ಚಿಕ್ಕ ಜೋಡಣೆ ಕಡ್ಡಿಯ) ನಟ್ ತೆಗೆಯಲು ನೋಡಿದೆ. ನಟ್ ಜೊತೆಗೆ ಬೋಲ್ಟೂ ತಿರುಗುತ್ತಿದೆ. ಇದಕ್ಕೆ ಏನು ಮಾಡಬೇಕು?

ಬಿಚ್ಚಿದ ಬಾರನ್ನು ಬ್ರೇಕ್ ಹೋಸ್‌ಗೆ ತಾಗದ ಹಾಗೆ ಎಲ್ಲಿ ಕಟ್ಟುತ್ತೀರಿ? ಕೈಯಲ್ಲೇ ಬಿಚ್ಚುವ ಪಿನ್ ಲಿಂಕ್ ಹಾಕಿಸಿದವರು ದಾವಣಗೆರೆಯಲ್ಲಿ ಯಾರಾದರೂ ಇದ್ದೀರಾ? ಹೈವೇಗೆ ಬರುವ ಮೊದಲು ಮತ್ತೆ ಜೋಡಿಸಲೇಬೇಕು, ತಿರುವಿನಲ್ಲಿ ಗಾಡಿ ಜಾಸ್ತಿ ವಾಲುತ್ತದೆ. ಹಾಗಾಗಿ ಬೇಗ ಆಗುವ ದಾರಿ ತಿಳಿಸಿ. ಫೋಟೋ ಇದ್ದರೆ ದಯವಿಟ್ಟು ಹಾಕಿ.