ಮಲಪ್ರಭೆಯ ನೆರೆ: ಯಾವ ದಿನದ ತಡ ಯಾರದು?

ಹೊಳೆದಂಡೆಯ ಮಾಸ್ತರ (ಪ್ರಶ್ನೆ, ಅಕ್ಟೋಬರ್ 2019)

ನಮ್ಮ ಊರು ನವಿಲುತೀರ್ಥ ಅಣೆಕಟ್ಟಿನ ಕೆಳಗೆ, ಮಲಪ್ರಭೆಯ ದಂಡೆಯಲ್ಲಿದೆ. ಆಗಸ್ಟ್ ಎರಡನೆಯ ವಾರ ಹೊಳೆ ಓಣಿಗೆ ನುಗ್ಗಿತು. ಅವ್ವನದು ಮಣ್ಣಿನ ಗೋಡೆಯ ಮೇಲ್ಮುದ್ದೆ ಮನೆ. ಮೂರು ದಿನ ನೀರಲ್ಲಿ ನಿಂತಿತ್ತು. ನೀರು ಇಳಿದಾಗ ಗೋಡೆಗಳು ಹಾಗೇ ಇದ್ದವು, ಎದೆಯೆತ್ತರಕ್ಕೆ ಕೆಸರಿನ ಗೆರೆಯೊಂದು ಮೂಡಿತ್ತು, ಅಷ್ಟೇ. ಸಮೀಕ್ಷೆಯವರು ಬಂದು ಫೋಟೊ ತೆಗೆದು ‘ಸಿ’ ವರ್ಗ, ಅಂದರೆ ಅಲ್ಪ ಹಾನಿ ಎಂದು ಬರೆದುಕೊಂಡು ಹೋದರು. ಹನ್ನೊಂದು ದಿನ ಬಿಸಿಲು ಕಾದ ಮೇಲೆ ಪಡಸಾಲೆಯ ಗೋಡೆ ಬಿತ್ತು, ಮರುದಿನ ಅಡುಗೆಮನೆಯೂ ಕುಸಿಯಿತು. ಮರುಸಮೀಕ್ಷೆಗೆ ಮೂರು ಸಲ ಅರ್ಜಿ ಕೊಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ಒಮ್ಮೆ ಏರಿದ್ದು ಬದಲಾಗುವುದಿಲ್ಲ ಎನ್ನುತ್ತಾರೆ. ಅವ್ವನಿಗೆ ಎಪ್ಪತ್ತೆರಡು ವರ್ಷ. ಗಂಜಿ ಕೇಂದ್ರ ಮುಚ್ಚಿದ ಮೇಲೆ ತಗಡಿನ ಶೆಡ್ಡಿನಲ್ಲಿದ್ದಾಳೆ.

ಊರ ಕಟ್ಟೆಯ ಮೇಲೆ ದಿನವೂ ಇದೇ ಮಾತು. ರಾಜ್ಯ ಹಾನಿಯನ್ನು 35,000 ಕೋಟಿ ರೂಪಾಯಿಗೂ ಹೆಚ್ಚೆಂದು ಲೆಕ್ಕ ಹಾಕಿದರೆ ಕೇಂದ್ರ ಅಕ್ಟೋಬರ್ 4ರಂದು ಬಿಡುಗಡೆ ಮಾಡಿದ್ದು 1,200 ಕೋಟಿ, ಆದ್ದರಿಂದ ತಪ್ಪು ದೆಹಲಿಯದು ಎಂದು ಒಬ್ಬರು. ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿ ಜುಲೈ 26ರಂದು ಪ್ರಮಾಣ ವಚನ ಸ್ವೀಕರಿಸಿದರು, ಮಂತ್ರಿಗಳು ಬಂದದ್ದು ಆಗಸ್ಟ್ 20ಕ್ಕೆ, ನೆರೆ ಬಂದಾಗ ಸಂಪುಟವೇ ಇರಲಿಲ್ಲ ಎಂದು ಇನ್ನೊಬ್ಬರು. ಅಣೆಕಟ್ಟಿನವರದು ತಪ್ಪು ಎಂದು ಮತ್ತೊಬ್ಬರು. ಎಲ್ಲರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳಿ ಎದ್ದು ಹೋಗುವುದು ನನಗೆ ಒಪ್ಪಿಗೆಯಿಲ್ಲ. ಯಾವ ದಿನದ ತಡ ಯಾರದು ಎಂದು ಬಿಡಿಸಿ ಹೇಳಬಲ್ಲವರು ಇದ್ದೀರಾ?

ನಿವೃತ್ತ ತಲಾಟಿ

ಮಾಸ್ತರರೇ, 2009ರ ನೆರೆಯಲ್ಲಿ ನಾನು ಕೆಲಸದಲ್ಲಿದ್ದೆ. ನನ್ನ ಕೈಯಲ್ಲಿ ಆಗ ನಾಲ್ಕು ಊರುಗಳ ಪ್ರಭಾರವಿತ್ತು. ಮೇಲಿನವರಿಗೆ ಬೇಕಾದದ್ದು ಸಂಜೆಯೊಳಗೆ ಒಂದು ಸಂಖ್ಯೆ. ಒಂದೊಂದು ಮನೆಗೆ ಐದು ನಿಮಿಷ ಸಿಕ್ಕಿದರೆ ಹೆಚ್ಚು. ಮಣ್ಣಿನ ಗೋಡೆ ನೆನೆದಾಗ ಬೀಳುವುದಕ್ಕಿಂತ ಒಣಗುವಾಗ ಬೀಳುವುದೇ ಹೆಚ್ಚು, ಇದು ನಮ್ಮ ಭಾಗದ ಪ್ರತಿ ಗೌಂಡಿಗೂ ಗೊತ್ತು. ಸಮೀಕ್ಷೆಯ ನಮೂನೆ ಮಾಡಿದವರು ಅವನನ್ನು ಕೇಳಲಿಲ್ಲ. ನಿಮ್ಮ ಅವ್ವನ ಮನೆಯ ವಿಷಯದಲ್ಲಿ ಫೋಟೊ ತೆಗೆದ ಹುಡುಗನನ್ನು ಬೈಯಬೇಡಿ. ಹದಿನೈದು ದಿನ ಬಿಟ್ಟು ಎರಡನೆಯ ಸಲ ನೋಡಬೇಕೆಂದು ಆದೇಶ ಹೊರಡಿಸಬಲ್ಲವರು ಹೊರಡಿಸಲಿಲ್ಲ, ಹೊಣೆ ಅಲ್ಲಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ರಾಜ್ಯ ಪ್ರಾಧಿಕಾರಕ್ಕೆ ಮುಖ್ಯಮಂತ್ರಿ. ಅರ್ಜಿಯನ್ನು ಕೆಳಗಿನ ಮೇಜಿಗೆ ಕೊಡುತ್ತ ಕೂರಬೇಡಿ.

ಹಣದ ಮಾತೂ ಕಟ್ಟೆಯ ಮೇಲೆ ಹೇಳಿದಷ್ಟು ಸರಳವಲ್ಲ. ವಿಪತ್ತು ಪರಿಹಾರ ನಿಧಿಯ 2015–20ರ ನಿಯಮದಂತೆ ಬಯಲು ಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ ಸಿಗುವುದು 95,100 ರೂಪಾಯಿ. ಒಣಬೇಸಾಯದ ಹೊಲಕ್ಕೆ ಹೆಕ್ಟೇರಿಗೆ 6,800, ಅದೂ ಎರಡು ಹೆಕ್ಟೇರಿನವರೆಗೆ. ಮನೆಗೆ 5 ಲಕ್ಷ ಎಂದು ಘೋಷಿಸಿದ್ದು ರಾಜ್ಯ, ಹೆಚ್ಚಿನ ಹಣ ಹೊಂದಿಸಬೇಕಾದದ್ದೂ ಅದೇ. ನಿಯಮದ ಮೊತ್ತ ಇಷ್ಟು ಕಡಿಮೆ ಇಟ್ಟದ್ದಕ್ಕೆ ದೆಹಲಿಯನ್ನು ಕೇಳಿ. ಘೋಷಿಸಿದ ಹಣ ಮನೆ ಮುಟ್ಟದ್ದಕ್ಕೆ ಬೆಂಗಳೂರನ್ನು ಕೇಳಿ.

ರೊಟ್ಟಿ ಕಳಿಸಿದವಳು

ನಾವು ಬೆಂಗಳೂರಿನಿಂದ ಎರಡು ಲಾರಿ ರೊಟ್ಟಿ, ಚಟ್ನಿಪುಡಿ, ಹೊದಿಕೆ ಕಳಿಸಿದೆವು. ರಸ್ತೆಯ ಪಕ್ಕದ ಊರುಗಳಿಗೆ ಮೂರು ಮೂರು ಸಲ ಸಾಮಾನು ಸಿಕ್ಕಿತು, ಒಳಗಿನ ಊರುಗಳಿಗೆ ಸಿಗಲೇ ಇಲ್ಲ. ಯಾವ ಊರಿಗೆ ಏನು ಬೇಕು ಎಂಬ ಪಟ್ಟಿ ಯಾರ ಬಳಿಯೂ ಇರಲಿಲ್ಲ. ಅಂಥ ಪಟ್ಟಿ ಮಾಡಲು ಕೇಂದ್ರದ ಹಣ ಬೇಕಾಗಿರಲಿಲ್ಲ.

ಕಾಲುವೆ ಎಂಜಿನಿಯರ್

ನಾನು ನೀರಾವರಿಯಲ್ಲಿ ಕೆಲಸ ಮಾಡಿದವನು, ಆ ಅಣೆಕಟ್ಟಿನಲ್ಲಲ್ಲ. ನವಿಲುತೀರ್ಥದ ಸಾಮರ್ಥ್ಯ 37.73 ಟಿಎಂಸಿ ಅಡಿ. ಹಲವು ವರ್ಷ ಅದು ತುಂಬಿರಲಿಲ್ಲ. ಅದು ತುಂಬಲೆಂದೇ ನರಗುಂದದಲ್ಲಿ ರೈತರು 2015ರಿಂದ ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ–ಬಂಡೂರಿ ಯೋಜನೆಗಾಗಿ ಧರಣಿ ಕುಳಿತರು. ಅಂಥ ಜಲಾಶಯಕ್ಕೆ ನೀರು ಬರುತ್ತಿರುವಾಗ ಮುಂಚಿತವಾಗಿ ಒಂದಿಷ್ಟು ಬಿಟ್ಟು ಜಾಗ ಮಾಡಿಕೊಳ್ಳಿ ಎಂದು ಹೇಳುವ ಧೈರ್ಯ ಯಾವ ಅಧಿಕಾರಿಗೂ ಸುಲಭವಾಗಿ ಬರುವುದಿಲ್ಲ. ಮಳೆ ಕೈಕೊಟ್ಟರೆ ಅದೇ ರೈತರು ಅವನನ್ನು ಕೇಳುತ್ತಾರೆ. ಆದರೆ ಹೊಳೆ ಹುಟ್ಟುವ ಖಾನಾಪುರದ ಕಡೆ ಮಳೆ ಸುರಿಯುತ್ತಿದೆ ಎಂಬುದು ಗೇಟು ಎತ್ತುವ ಮೊದಲೇ ತಿಳಿಯುತ್ತದೆ. ಆ ಸುದ್ದಿ ನಿಮ್ಮ ಊರಿಗೆ ಯಾವ ಗಂಟೆಗೆ ಬಂತು ಎಂಬುದನ್ನು ಮೊದಲು ಹಿಡಿಯಿರಿ.

ನಿಮಗೆ ನೋವಾದರೂ ಇನ್ನೊಂದು ಮಾತು ಹೇಳಬೇಕು. ಹೊಳೆಯ ಪಾತ್ರದೊಳಕ್ಕೇ ಕಬ್ಬು ಬಂದಿದೆ. ಹರಿಯುವ ಜಾಗ ಕಿರಿದಾದ ಮೇಲೆ ಮೊದಲಿನಷ್ಟೇ ನೀರು ಬಿಟ್ಟರೂ ಊರಿನೊಳಗೆ ಹೆಚ್ಚು ಏರುತ್ತದೆ.

ಹೊಳೆದಂಡೆಯ ಮಾಸ್ತರ

ಎಂಜಿನಿಯರರೇ, ನೋವಾಯಿತು. ಚಿಕ್ಕಪ್ಪನ ಕಬ್ಬು ಅಲ್ಲಿಯೇ ಇದೆ. ಹೊಳೆ ಬತ್ತಿದ ವರ್ಷಗಳಲ್ಲಿ ನಾವೆಲ್ಲ ಅಳತೆಯ ಕಲ್ಲು ದಾಟಿದ್ದೇವೆ, ದಾಟಿದವರನ್ನು ಯಾರೂ ತಡೆಯಲಿಲ್ಲ. ಆ ಪಾಲನ್ನು ಬರೆದುಕೊಳ್ಳುತ್ತೇನೆ. ಹಾಗೆಂದು ಅವ್ವನ ಶೆಡ್ಡಿಗೆ ಕಬ್ಬನ್ನೇ ಕಾರಣ ಮಾಡಲು ಬಿಡುವುದಿಲ್ಲ. ಅವಳಿಗೆ ಗುಂಟೆ ಹೊಲವೂ ಇಲ್ಲ.

2009ರ ನಂತರ ‘ಆಸರೆ’ ಯೋಜನೆಯಲ್ಲಿ ಎತ್ತರದ ಜಾಗದಲ್ಲಿ ಮನೆ ಕಟ್ಟಿದರು. ಅವ್ವನ ಹೆಸರಿಗೆ ಹಕ್ಕುಪತ್ರ ಬರಲಿಲ್ಲ, ಹಾಗಾಗಿ ಅವಳು ಹಳೆಯ ಮನೆ ಬಿಡಲಿಲ್ಲ. ತಡ ಎಂದರೆ ನಾನು ಆಗಸ್ಟ್‌ನಿಂದ ಎಣಿಸುತ್ತಿದ್ದೆ. ನಿಮ್ಮ ಮಾತು ಓದಿದ ಮೇಲೆ ಹತ್ತು ವರ್ಷ ಹಿಂದಿನಿಂದ ಎಣಿಸಬೇಕೆನ್ನಿಸುತ್ತಿದೆ.

ನಮ್ಮ ಓಣಿಯಲ್ಲಿ ಡಂಗುರ ಕೇಳಿದ್ದು ರಾತ್ರಿ ಎರಡಕ್ಕೆ, ಆಗ ಹಳ್ಳದ ಸೇತುವೆ ಮುಳುಗಿತ್ತು. ಗೇಟು ಎತ್ತಿದ ಗಂಟೆ, ಸಂದೇಶ ಕಳಿಸಿದ ಗಂಟೆ, ಅದನ್ನು ಪಡೆದವರ ಹುದ್ದೆ, ಈ ಮೂರನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ಅರ್ಜಿ ಬರೆದಿದ್ದೇನೆ. ಹಕ್ಕುಪತ್ರದ ಕಡತ ಎಲ್ಲಿ ನಿಂತಿತು ಎಂದು ಇನ್ನೊಂದು. ಮರುಸಮೀಕ್ಷೆಯ ಅರ್ಜಿಯನ್ನು ತಲಾಟಿಯವರು ಹೇಳಿದಂತೆ ನೇರವಾಗಿ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರಿಗೆ ಬರೆದು, ಬಿದ್ದ ಗೋಡೆಯ ಫೋಟೊ ಅಂಟಿಸಿದ್ದೇನೆ. ಸೋಮವಾರದ ಮೊದಲ ಬಸ್ಸಿಗೆ ಹೊರಡುತ್ತೇನೆ. ಅವ್ವ ತಾನೂ ಬರುತ್ತೇನೆಂದು ಹಟ ಹಿಡಿದಿದ್ದಾಳೆ.